ಸುಟ್ಟುಹೋದದ್ದು ಎಲ್ಲಿಗೆ ಹೋಯಿತು?

ಭೌತ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ಇರುವ ವ್ಯತ್ಯಾಸವನ್ನು ಬರೆಯಿರಿ ಎಂಬ ಪ್ರಶ್ನೆಗೆ ಉತ್ತರ ಬರೆಯಲಾರದ ಪ್ರೌಢಶಾಲೆಯ ವಿದ್ಯಾರ್ಥಿ ಅಪರೂಪ. ಮಂಜುಗಡ್ಡೆ ಕರಗುವುದು ಮೊದಲನೆಯದಕ್ಕೆ ಉದಾಹರಣೆ, ಕಬ್ಬಿಣ ತುಕ್ಕು ಹಿಡಿಯುವುದು ಎರಡನೆಯದಕ್ಕೆ. ಅಂಕಗಳು ದೊರೆಯುತ್ತವೆ, ಪಾಠ ಮುಗಿಯುತ್ತದೆ. ಅದೇ ವಿದ್ಯಾರ್ಥಿಯನ್ನು ಆಳಂದ ತಾಲ್ಲೂಕಿನ ಯಾವುದಾದರೊಂದು ಹಳ್ಳಿಯ ತಿಪ್ಪೆಯ ಬಳಿಗೆ ಮಾಗಿಯ ಮುಂಜಾವಿನಲ್ಲಿ ಕರೆದೊಯ್ದು, ಕೆದಕಿದಾಗ ಅದರಿಂದೇಳುವ ಹಬೆಯನ್ನು ತೋರಿಸಿ, ಬೆಂಕಿಯಿಲ್ಲದೆ ಈ ಬಿಸಿ ಎಲ್ಲಿಂದ ಬಂತು ಎಂದು ಕೇಳಿದರೆ ಮಾತ್ರ ಅವನು ಸುಮ್ಮನಾಗುತ್ತಾನೆ. ತಾನು ಬಾಯಿಪಾಠ ಮಾಡಿದ ರಾಸಾಯನಿಕ ಬದಲಾವಣೆ ತನ್ನ ಕಾಲಬುಡದಲ್ಲಿಯೇ ನಡೆಯುತ್ತಿದೆಯೆಂದು ಅವನಿಗೆ ಯಾರೂ ಹೇಳಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಮಕ್ಕಳಿಗೆ ರಸಾಯನಶಾಸ್ತ್ರದ ಮೊದಲ ಪಾಠವನ್ನು ಅಲ್ಲಿಯ ಕಸದಿಂದಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಎರೆಭೂಮಿಯ ತೊಗರಿ ಕಟ್ಟಿಗೆ, ಜೋಳದ ಕಣಿಕೆ, ಕಬ್ಬಿನ ಸಿಪ್ಪೆ, ಸೆಗಣಿ, ಒಲೆಯ ಬೂದಿ, ಫರಸಿ ಕಲ್ಲಿನ ಚೂರು, ಸಂತೆಯ ದಿನ ಗಾಳಿಗೆ ಹಾರಾಡುವ ಪ್ಲಾಸ್ಟಿಕ್ ಚೀಲ ಇವುಗಳಲ್ಲಿ ಕಾಣಬಹುದಾದಷ್ಟು ಬಗೆಯ ಬದಲಾವಣೆಗಳು ಪಠ್ಯಪುಸ್ತಕದ ಅಧ್ಯಾಯದಲ್ಲಿಲ್ಲ.

ಕಸದ ವಿಷಯವನ್ನು ಶಾಲೆಗಳು ಬೋಧಿಸುತ್ತಿಲ್ಲವೇ ಎಂದು ಯಾರಾದರೂ ಕೇಳಬಹುದು. ಬೋಧಿಸುತ್ತಿವೆ, ‘ಕಸದಿಂದ ರಸ’ ಎಂಬ ಹೆಸರಿನಲ್ಲಿ ವರ್ಷಕ್ಕೊಂದು ಪ್ರದರ್ಶನ ನಡೆಯುತ್ತದೆ. ನೀರಿನ ಬಾಟಲಿಯನ್ನು ಕತ್ತರಿಸಿ ಬಣ್ಣ ಬಳಿದು ಹೂದಾನಿ ಮಾಡುತ್ತಾರೆ. ಹಳೆಯ ಪತ್ರಿಕೆಯ ತೋರಣ ಕಟ್ಟುತ್ತಾರೆ. ಅತಿಥಿಗಳು ಮೆಚ್ಚುತ್ತಾರೆ. ಮಕ್ಕಳ ಕೈಚಳಕವನ್ನು ನಾವೂ ಮೆಚ್ಚುತ್ತೇವೆ. ಆದರೆ ಇದನ್ನು ವಿಜ್ಞಾನವೆಂದು ಕರೆಯಲು ಒಪ್ಪೆವು. ಬಾಟಲಿ ಹೂದಾನಿಯಾದಾಗ ಆಕಾರ ಬದಲಾಯಿತೇ ಹೊರತು ಅದರ ಒಂದು ಅಣುವೂ ಬದಲಾಗಲಿಲ್ಲ. ಮೂರು ತಿಂಗಳ ಮೇಲೆ ಅದೇ ಹೂದಾನಿ ಧೂಳು ಹಿಡಿದು ಶಾಲೆಯ ಹಿಂದೆ ಎಸೆಯಲ್ಪಡುತ್ತದೆ, ಬೇಸಗೆಯಲ್ಲಿ ಯಾರೋ ಬೆಂಕಿ ಹಚ್ಚುತ್ತಾರೆ. ನಿಜವಾದ ರಾಸಾಯನಿಕ ಬದಲಾವಣೆ ನಡೆಯುವುದು ಆಗ, ಯಾರೂ ನೋಡದಿರುವಾಗ. ಹೊಗೆ ನೇರವಾಗಿ ತರಗತಿಯೊಳಕ್ಕೆ ಬರುತ್ತದೆ.

ಕಸ ಎಲ್ಲಿಗೆ ಹೋಯಿತೆಂದು ಕೇಳಿದರೆ ಮಗು, “ಸುಟ್ಟುಹೋಯಿತು” ಎನ್ನುತ್ತದೆ. ನಮ್ಮ ಭಾಷೆಯ ಈ ‘ಹೋಗು’ ಬಹಳ ಮೋಸದ ಪದ. ಕೊಳೆತುಹೋಯಿತು, ಹರಿದುಹೋಯಿತು, ಸುಟ್ಟುಹೋಯಿತು ಎನ್ನುತ್ತೇವೆ. ಎಲ್ಲಿಗೆ ಹೋಯಿತೆಂದು ಕೇಳುವುದಿಲ್ಲ. ರಸಾಯನಶಾಸ್ತ್ರವೆಂಬುದು ಆರಂಭವಾದದ್ದೇ ಈ ಪ್ರಶ್ನೆಯಿಂದ.

ಲೆಕ್ಕ ಹಾಕಿ ನೋಡೋಣ. ಚೆನ್ನಾಗಿ ಒಣಗಿದ ೧೦೦ ಗ್ರಾಂ ತೊಗರಿ ಕಟ್ಟಿಗೆಯನ್ನು ಉಪಾಧ್ಯಾಯರ ಎದುರಿನಲ್ಲಿ, ಬಯಲಿನಲ್ಲಿ, ಕಬ್ಬಿಣದ ಬಾಣಲೆಯಲ್ಲಿ ಪೂರ್ತಿಯಾಗಿ ಉರಿಸಿದರೆ ಉಳಿಯುವ ಬೂದಿ ಕೆಲವೇ ಗ್ರಾಂ. ಮಿಕ್ಕದ್ದೆಲ್ಲ ಹೊಗೆಯಾಯಿತು ಎಂದರೆ ಉತ್ತರ ಪೂರ್ತಿಯಾಗಲಿಲ್ಲ. ಒಣಗಿದ ಸಸ್ಯವಸ್ತುವಿನ ತೂಕದಲ್ಲಿ ಸುಮಾರು ೪೫ ಭಾಗ ಇಂಗಾಲ. ೧೨ ಗ್ರಾಂ ಇಂಗಾಲ ಉರಿಯುವಾಗ ಗಾಳಿಯಿಂದ ೩೨ ಗ್ರಾಂ ಆಮ್ಲಜನಕವನ್ನು ತೆಗೆದುಕೊಂಡು ೪೪ ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಪ್ರಮಾಣದಲ್ಲಿ ನಮ್ಮ ೧೦೦ ಗ್ರಾಂ ಕಟ್ಟಿಗೆಯಿಂದ ಹೊರಟ ಅನಿಲದ ತೂಕ ಸುಮಾರು ೧೬೫ ಗ್ರಾಂ! ಕಣ್ಣಿಗೆ ಕಾಣದೆ ‘ಹೋದದ್ದು’ ಕಟ್ಟಿಗೆಗಿಂತಲೂ ಭಾರವಾಗಿದೆ. ಇದನ್ನು ಕೇಳಿದ ಹುಡುಗನೋ ಹುಡುಗಿಯೋ ನಂಬದೆ ತಲೆಯಾಡಿಸಿದರೆ ಪಾಠ ಸರಿಯಾದ ದಾರಿ ಹಿಡಿದಿದೆ ಎಂದೇ ತಿಳಿಯಬೇಕು. ನಂಬಿಸಲು ಬೇಕಾದ ಸಾಮಗ್ರಿ ಪಾನಿನ ಅಂಗಡಿಯಲ್ಲಿ ದೊರೆಯುತ್ತದೆ. ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕಲಸಿ, ರಾತ್ರಿಯೆಲ್ಲ ಹಾಗೆಯೇ ಬಿಟ್ಟು, ಮೇಲಿನ ತಿಳಿಯನ್ನು ಬಸಿದುಕೊಂಡರೆ ಸುಣ್ಣದ ತಿಳಿನೀರು ಸಿದ್ಧ. ಉರಿಯುವ ಕಡ್ಡಿಯ ಮೇಲೆ ತಣ್ಣನೆಯ ಗಾಜಿನ ಲೋಟವನ್ನು ಬೋರಲು ಹಿಡಿದರೆ ಒಳಗೆ ನೀರಿನ ಮಂಜು ಕಟ್ಟುತ್ತದೆ. ಅದೇ ಲೋಟಕ್ಕೆ ಸುಣ್ಣದ ತಿಳಿಯನ್ನು ಹಾಕಿ ಕುಲುಕಿದರೆ ಹಾಲಿನಂತಾಗುತ್ತದೆ. ಆ ಬಿಳುಪು ಮತ್ತಾವುದೂ ಅಲ್ಲ, ತರಗತಿಯ ನೆಲಕ್ಕೆ ಹಾಸಿದ ಶಹಾಬಾದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ. ನಂಬಿಕೆಯಾಗದಿದ್ದರೆ ಕಲ್ಲಿನ ಪುಡಿಗೆ ನಿಂಬೆರಸ ಹಿಂಡಿ ನೋಡಬಹುದು. ಬುರುಗೆದ್ದು, ಸೆರೆಯಲ್ಲಿದ್ದ ಅದೇ ಅನಿಲ ಹೊರಬರುತ್ತದೆ.

ಕೊಳೆಯುವುದೂ ಇದೇ ಬಗೆಯ ವ್ಯವಹಾರ, ಆದರೆ ನಿಧಾನದ್ದು. ರಾಸಾಯನಿಕ ಬದಲಾವಣೆಯಲ್ಲಿ ಯಾವ ವಸ್ತುವೂ ಹೊಸದಾಗಿ ಹುಟ್ಟುವುದಿಲ್ಲ, ಯಾವುದೂ ನಾಶವಾಗುವುದಿಲ್ಲ ಎಂಬ ನಿಯಮವನ್ನು ಫ್ರಾನ್ಸಿನ ಲವಾಸಿಯೆ ತನ್ನ ೧೭೮೯ರ ಗ್ರಂಥದಲ್ಲಿ ಸ್ಪಷ್ಟವಾಗಿ ಬರೆದ. ಎಲ್ಲಿ ಬರೆದನೆಂಬುದು ಸ್ವಾರಸ್ಯದ ಸಂಗತಿ: ಚಿನ್ನ ಬೆಳ್ಳಿಗಳ ಅಧ್ಯಾಯದಲ್ಲಲ್ಲ, ಹಣ್ಣಿನ ರಸ ಹುದುಗುವುದನ್ನು ಕುರಿತ ಅಧ್ಯಾಯದಲ್ಲಿ. ಬೆಲ್ಲದ ನೀರಿಗೆ ಹಣ್ಣಿನ ಸಿಪ್ಪೆ ಹಾಕಿ, ಬಾಟಲಿಯ ಬಾಯಿಗೆ ರಬ್ಬರಿನ ನಳಿಕೆ ಸೇರಿಸಿ, ನಳಿಕೆಯ ತುದಿಯನ್ನು ಸುಣ್ಣದ ತಿಳಿಯಲ್ಲಿ ಮುಳುಗಿಸಿಟ್ಟರೆ ಎರಡು ಮೂರು ದಿನಗಳಲ್ಲಿ ಗುಳ್ಳೆಗಳು ಬರಲಾರಂಭಿಸುತ್ತವೆ, ತಿಳಿ ಹಾಲಾಗುತ್ತದೆ. (ಬಾಟಲಿಯನ್ನು ಬಿಗಿಯಾಗಿ ಮುಚ್ಚಲೇಕೂಡದು, ಸಿಡಿಯುವುದುಂಟು.) ಹುದುಗಿದ ಸಕ್ಕರೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೀಗೆ ಅನಿಲವಾಗಿ ಹೊರಡುತ್ತದೆ, ಉಳಿದರ್ಧ ಮದ್ಯಸಾರ. ಬಾಟಲಿಯನ್ನು ದಿನವೂ ತೂಗಿ ಬರೆದಿಟ್ಟ ಮಗುವಿಗೆ ಲವಾಸಿಯೆಯ ನಿಯಮವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ತಿಪ್ಪೆಯ ವಿಷಯಕ್ಕೆ ಬರೋಣ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಕಸದ ಇಂಗಾಲವನ್ನು ಆಮ್ಲಜನಕದೊಡನೆ ಕೂಡಿಸಿ ಬದುಕುತ್ತವೆ. ನಾವು ಉಣ್ಣುವ ರೊಟ್ಟಿಯಿಂದ ಮೈಗೆ ಬಿಸಿ ಬರುವಂತೆ ತಿಪ್ಪೆಗೂ ಬಿಸಿ ಬರುತ್ತದೆ. ಸರಿಯಾಗಿ ಒಟ್ಟಿದ ರಾಶಿಯ ಒಳಗೆ ಉಷ್ಣತೆ ೬೦ ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಸೂಕ್ಷ್ಮಜೀವಿಗಳಿಗೆ ಇಂಗಾಲದ ಜೊತೆಗೆ ಸಾರಜನಕವೂ ಬೇಕು. ಸುಮಾರು ೩೦ ಪಾಲು ಇಂಗಾಲಕ್ಕೆ ಒಂದು ಪಾಲು. ಒಣ ಕಣಿಕೆಯನ್ನಷ್ಟೇ ಒಟ್ಟಿದರೆ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುವುದಕ್ಕೂ ಸೆಗಣಿ, ಗಂಜಲ, ಹಸಿಸೊಪ್ಪು ಸೇರಿಸಿದರೆ ಬೇಗನೆ ಕಪ್ಪಾಗುವುದಕ್ಕೂ ಇದೇ ಕಾರಣ. ನಮ್ಮ ದೇಶದ ರೈತರು ಬಲ್ಲ ಈ ಸಂಗತಿಯನ್ನು ಆಲ್ಬರ್ಟ್ ಹೊವಾರ್ಡ್ ೧೯೨೪ರಿಂದ ಇಂದೂರಿನಲ್ಲಿ ಪರೀಕ್ಷಿಸಿ, ಯಶವಂತ ವಾಡ್ ಅವರೊಡನೆ ೧೯೩೧ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವ ‘ಇಂದೂರು ವಿಧಾನ’ ಇದೇ. ಕೆಲವೇ ವರ್ಷಗಳ ಮೇಲೆ, ೧೯೩೯ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಮಗುಚುವ ಶ್ರಮವಿಲ್ಲದ ಇನ್ನೊಂದು ವಿಧಾನವನ್ನು ರೂಪಿಸಿದರು. ಕಂದಕದಲ್ಲಿ ಕಸವನ್ನೂ ಮಲವನ್ನೂ ಪದರಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿ ಆರೆಂಟು ತಿಂಗಳು ಬಿಡುವುದು. ಮೊದಲ ಕೆಲವು ದಿನ ಗಾಳಿಯೊಡನೆ, ಆಮೇಲೆ ಗಾಳಿಯಿಲ್ಲದೆ ಕೊಳೆಯುತ್ತದೆ. ಜಗತ್ತಿನ ಕೃಷಿ ಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ವಿಧಾನ’ವೆಂದೇ ಹೆಸರು. ಕನ್ನಡ ನಾಡಿನ ಎಷ್ಟು ಮಂದಿ ವಿದ್ಯಾರ್ಥಿಗಳು ಆಚಾರ್ಯರ ಹೆಸರನ್ನು ಕೇಳಿದ್ದಾರೋ!

ಸೆಗಣಿಯನ್ನು ಕುಳ್ಳು ತಟ್ಟಿ ಉರಿಸಿದರೆ ಅದರ ಸಾರಜನಕ ಗಾಳಿಯ ಪಾಲಾಗುತ್ತದೆ, ಪೊಟ್ಯಾಸಿಯಂ ಮತ್ತು ರಂಜಕಗಳು ಬೂದಿಯಲ್ಲಿ ಉಳಿಯುತ್ತವೆ ಎಂಬುದನ್ನೂ ಮಕ್ಕಳು ಅರಿಯಬೇಕು. ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ಆ ನೀರನ್ನು ಅರಿಸಿನ ಬಳಿದ ಕಾಗದದ ಮೇಲೆ ಹಾಕಿದರೆ ಕೆಂಪಾಗುತ್ತದೆ; ಪಾತ್ರೆ ಬೆಳಗಲು ಅಜ್ಜಿಯರು ಬೂದಿಯನ್ನು ಏಕೆ ಆರಿಸಿಕೊಂಡರೆಂಬುದಕ್ಕೆ ಆ ಕ್ಷಾರವೇ ಉತ್ತರ. ಆದರೆ ಕುಳ್ಳು ಉರಿಸುವ ತಾಯಿಯನ್ನು ಜರೆಯುವ ಪಾಠ ನಮಗೆ ಬೇಡ. ಬೇರೆ ಉರುವಲಿಲ್ಲದೆ ಆಕೆ ಕುಳ್ಳು ತಟ್ಟುತ್ತಾಳೆಯೇ ಹೊರತು ಸಾರಜನಕದ ಮೇಲಿನ ಹಗೆಯಿಂದಲ್ಲ.

ಈ ತಾಲ್ಲೂಕುಗಳಲ್ಲಿ ಇನ್ನೊಂದು ಸೊಗಸಾದ ಲೆಕ್ಕಕ್ಕೆ ಅವಕಾಶವಿದೆ. ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ, ಅಫಜಲಪುರ ತಾಲ್ಲೂಕಿನ ಹಾವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಶುದ್ಧ ಸಕ್ಕರೆಯೆಂದರೆ ಇಂಗಾಲ, ಜಲಜನಕ, ಆಮ್ಲಜನಕ ಇಷ್ಟೇ. ಅಂದರೆ ಗಾಳಿಯೂ ನೀರೂ ಬಿಸಿಲಿನಲ್ಲಿ ಕೂಡಿ ಆದ ಪದಾರ್ಥ. ಹೊಲದ ಮಣ್ಣಿನ ಕಣವೂ ಅದರಲ್ಲಿಲ್ಲ. ಕಬ್ಬು ಮಣ್ಣಿನಿಂದ ಹೀರಿಕೊಂಡ ಸಾರಜನಕ, ರಂಜಕ, ಪೊಟ್ಯಾಸಿಯಂಗಳೆಲ್ಲ ರವದಿಯಲ್ಲಿ, ರಸವನ್ನು ತಿಳಿಗೊಳಿಸುವಾಗ ನಿಲ್ಲುವ ಮಡ್ಡಿಯಲ್ಲಿ, ಕಾಕಂಬಿಯಲ್ಲಿ, ಸಿಪ್ಪೆ ಉರಿಸಿದ ಬೂದಿಯಲ್ಲಿ ಉಳಿಯುತ್ತವೆ. ನಾವು ಮಾರುವುದು ಗಾಳಿ ಮತ್ತು ನೀರು. ಕಸವೆಂದು ಎಸೆಯುವುದು ಹೊಲವನ್ನು! ತೊಗರಿಯ ಲೆಕ್ಕ ಇದಕ್ಕೆ ವಿರುದ್ಧ. ಬೇಳೆಯಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಪ್ರೋಟೀನು ಇರುತ್ತದೆ. ಅದರ ಸಾರಜನಕದ ಬಹುಭಾಗವನ್ನು ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯಿಂದ ಗಳಿಸಿಕೊಡುತ್ತವೆ. ಆದರೆ ರಂಜಕವನ್ನು ಮಣ್ಣೇ ಕೊಡಬೇಕು, ಅದು ಚೀಲದೊಳಗೆ ಕುಳಿತು ಊರು ಬಿಡುತ್ತದೆ. ಕಸವಾವುದು, ಬೆಳೆಯಾವುದು ಎಂಬ ವಿಂಗಡಣೆ ಸಂತೆಯ ಬೆಲೆಯನ್ನು ಅನುಸರಿಸಿದ್ದು. ಮೂಲವಸ್ತುಗಳಿಗೆ ಅದರ ಪರಿವೆಯಿಲ್ಲ.

ಬದಲಾಗದ ಕಸವೂ ಉಂಟು. ಗಾಣಗಾಪುರದ ಬಳಿ ಭೀಮೆಗೆ ಅಮರ್ಜೆ ಕೂಡುವ ಸಂಗಮದಲ್ಲಿ ಒಂದು ಹೂಮಾಲೆ, ಒಂದು ಹತ್ತಿಬಟ್ಟೆಯ ತುಂಡು, ಒಂದು ಪಾಲಿಥೀನ್ ಚೀಲ ಮೂರೂ ಒಂದೇ ದಿನ ನೀರಿಗೆ ಬಿದ್ದವೆಂದು ಊಹಿಸಿಕೊಳ್ಳೋಣ. ಹೂ ವಾರಗಳಲ್ಲಿ, ಬಟ್ಟೆ ತಿಂಗಳುಗಳಲ್ಲಿ ಕರಗುತ್ತವೆ. ಹತ್ತಿಯೂ ಜೋಳದ ಕಣಿಕೆಯಂತೆ ಸೆಲ್ಯುಲೋಸೇ; ಅದರ ಸರಪಳಿಯನ್ನು ಕಡಿಯುವ ಕಿಣ್ವಗಳು ಸೂಕ್ಷ್ಮಜೀವಿಗಳಲ್ಲಿ ಕೋಟಿಗಟ್ಟಲೆ ವರ್ಷಗಳಿಂದ ಇವೆ. ಪಾಲಿಥೀನ್ ಆದರೋ ೧೯೩೩ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಹುಟ್ಟಿದ್ದು. ಇಂಗಾಲದ ಆ ಉದ್ದನೆಯ ಸರಪಳಿಯಲ್ಲಿ ಕಿಣ್ವ ಹಿಡಿಯುವ ಜಾಗ ಸುಲಭವಾಗಿ ಸಿಗದು; ಬಿಸಿಲಿಗೆ ಪುಡಿಪುಡಿಯಾಗುತ್ತದೆ, ಪುಡಿಯೂ ಪಾಲಿಥೀನೇ. ಪ್ಲಾಸ್ಟಿಕ್ ಕೈಚೀಲಗಳನ್ನು ಕರ್ನಾಟಕ ಸರ್ಕಾರ ೨೦೧೬ರಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ೨೦೨೨ರ ಜುಲೈ ೧ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಏಕೆ ನಿಷೇಧವೆಂದು ತಿಳಿಯದ ಮಗು ಅದನ್ನು ಪೋಲೀಸರ ಭಯವೆಂದಷ್ಟೇ ಬಗೆಯುತ್ತದೆ.

ಕೊಳೆಯದಿದ್ದರೆ ಸುಟ್ಟುಬಿಡೋಣ ಎನ್ನುವವರಿಗೆ ರಸಾಯನಶಾಸ್ತ್ರದ ಉತ್ತರ ನಿಷ್ಠುರವಾಗಿದೆ. ರಸ್ತೆ ಬದಿಯ ಉರಿಯಲ್ಲಿ ತಾಪವೂ ಸಾಲದು, ಆಮ್ಲಜನಕವೂ ಸಾಲದು. ಆದ್ದರಿಂದ ಮಸಿ, ಇಂಗಾಲದ ಮಾನಾಕ್ಸೈಡ್, ಅರೆಬೆಂದ ನೂರಾರು ಸಂಯುಕ್ತಗಳು ಹೊರಡುತ್ತವೆ. ತಂತಿಯ ಹೊದಿಕೆ, ಕೊಳವೆಗಳಂಥ ಕ್ಲೋರಿನ್ ಇರುವ ಪಿ.ವಿ.ಸಿ. ಸೇರಿದರೆ ಹೈಡ್ರೊಕ್ಲೋರಿಕ್ ಆಮ್ಲದ ಹೊಗೆ, ಅತಿ ವಿಷಕಾರಿಯಾದ ಡಯಾಕ್ಸಿನ್‌ಗಳು ಉಂಟಾಗುತ್ತವೆ. ಇದನ್ನು ಹೇಳಿಕೊಡಬೇಕು, ಮಾಡಿ ತೋರಿಸಕೂಡದು. ಹಳೆಯ ಬ್ಯಾಟರಿ, ಸೂಜಿ, ಔಷಧದ ಸೀಸೆಗಳನ್ನು ಮಕ್ಕಳ ಕೈಗೆ ಕೊಡಲೂಕೂಡದು.

ಈ ಪಾಠ ಪ್ರಾಣಕ್ಕೆ ಸಂಬಂಧಿಸಿದ್ದೆಂಬುದಕ್ಕೆ ಈ ಸೀಮೆಯಲ್ಲಿಯೇ ಹಳೆಯ ಸಾಕ್ಷ್ಯವಿದೆ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ಪದ್ಧತಿಯನ್ನು ಹಿರಿಯರು ಬಲ್ಲರು. ಮುಚ್ಚಿದ ಹಗೇವಿನಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಬಾಯಿ ತೆರೆದೊಡನೆ ಇಳಿದ ಮನುಷ್ಯನೂ ಸಾಯುತ್ತಾನೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಆ ಅನಿಲ ತಾನಾಗಿ ಮೇಲೇರಿ ಹೋಗುವುದಿಲ್ಲ. ಅದಕ್ಕೇ ಹಿರಿಯರು ಹಗೇವನ್ನು ತೆರೆದಿಟ್ಟು ಕಾದು, ಕಂದೀಲನ್ನು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಅನುಭವದಿಂದ ಕಲಿತ ಒಳ್ಳೆಯ ಪರೀಕ್ಷೆ ಇದು. ಆದರೆ ಏಕೆಂಬುದನ್ನು ಅರಿಯದೆ ಇದನ್ನೇ ಗಟಾರದ ಗುಂಡಿಗೋ ಶೌಚದ ಹೊಂಡಕ್ಕೋ ಅನ್ವಯಿಸಿದರೆ ಅನರ್ಥವಾಗುತ್ತದೆ. ಅಲ್ಲಿ ಮಲ ಮತ್ತು ಕಸ ಗಾಳಿಯಿಲ್ಲದೆ ಕೊಳೆತು ಮೀಥೇನ್ ಉಂಟಾಗಿರುತ್ತದೆ; ದೀಪ ಹಿಡಿದರೆ ಸ್ಫೋಟವಾಗಬಹುದು. ಜೊತೆಗೆ ಹೈಡ್ರೊಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ನಾತದ ಈ ಅನಿಲ ಪ್ರಮಾಣದಲ್ಲಿ ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತೆಂದರೆ ಅಪಾಯ ಕಳೆಯಿತೆಂದಲ್ಲ, ಹತ್ತಿರವಾಯಿತೆಂದು. ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿದು, ಅವನೂ ಮೇಲೆ ಬಾರದಿದ್ದ ದುರಂತಗಳು ನಮ್ಮ ದೇಶದಲ್ಲಿ ಎಷ್ಟೋ ನಡೆದಿವೆ. ಇಂಥ ಹೊಂಡಗಳಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ೨೦೧೩ರ ಕಾಯಿದೆ ಅಪರಾಧವೆಂದು ಸಾರಿದೆ. ಕಾಯಿದೆಯ ಹಿಂದಿರುವ ರಸಾಯನಶಾಸ್ತ್ರವನ್ನು ಹತ್ತನೆಯ ತರಗತಿಯೊಳಗೆ ಪ್ರತಿಯೊಂದು ಮಗುವೂ ಕಲಿಯಬೇಕೆಂದು ನಾವು ಒತ್ತಾಯಿಸುತ್ತೇವೆ.

ಇಳಿಯುವವರು ಯಾರು ಎಂಬ ಪ್ರಶ್ನೆಯನ್ನೂ ಮುಚ್ಚಿಡಬಾರದು. ಕಸ, ಎಲುಬು, ಚರ್ಮ, ಮಲಗಳನ್ನು ಮುಟ್ಟುವ ಕೆಲಸವನ್ನು ನಮ್ಮ ಸಮಾಜ ಕೆಲವು ಜಾತಿಗಳ ತಲೆಗೆ ಕಟ್ಟಿತು; ಉಳಿದವರು ಮೂಗು ಮುಚ್ಚಿಕೊಂಡರು. ತೊಗಲಿನ ಕೂದಲನ್ನು ಸುಣ್ಣದಿಂದ ತೆಗೆದು ಮರದ ತೊಗಟೆಯ ಕಷಾಯದಿಂದ ಹದ ಮಾಡುವ ಸಮಗಾರನ ವಿದ್ಯೆ ಅಪ್ಪಟ ರಸಾಯನಶಾಸ್ತ್ರವೆಂದು ಯಾವ ಪಠ್ಯಪುಸ್ತಕ ಹೇಳಿದೆ? ಆಚಾರ್ಯ ಪ್ರಫುಲ್ಲಚಂದ್ರ ರಾಯರು ಕಲ್ಕತ್ತೆಯಲ್ಲಿ ಕಸಾಯಿ ಅಂಗಡಿಗಳಿಂದ ದನದ ಎಲುಬುಗಳನ್ನು ತರಿಸಿ ಮನೆಯ ಮಾಳಿಗೆಯ ಮೇಲೆ ಒಣಹಾಕಿದರು. ನೆರೆಹೊರೆಯವರು ದೂರಿದರೂ ಬಿಡದೆ ಎಲುಬನ್ನು ಸುಟ್ಟು, ಬೂದಿಗೆ ಗಂಧಕಾಮ್ಲ ಸೇರಿಸಿ, ಔಷಧಕ್ಕೆ ಬೇಕಾದ ಫಾಸ್ಫೇಟುಗಳನ್ನು ತಯಾರಿಸಿದರು. ೧೯೦೧ರಲ್ಲಿ ಕಂಪನಿಯಾಗಿ ನೆಲೆಗೊಂಡ ಬೆಂಗಾಲ್ ಕೆಮಿಕಲ್ಸ್ ಬೆಳೆದದ್ದು ಇಂಥ ಕೆಲಸಗಳಿಂದ. ಶಾಲೆಯ ಕಸದ ಪ್ರಯೋಗದಲ್ಲಿ ತೂಗುವವರು ಕೆಲವರು, ಬಾಚುವವರು ಕೆಲವರು ಎಂದಾಗಕೂಡದು. ಕೈಗವಚ ತೊಟ್ಟು, ಮುಗಿದ ಮೇಲೆ ಸಾಬೂನಿನಿಂದ ತೊಳೆದುಕೊಂಡು, ಸರದಿಯ ಮೇಲೆ ಎಲ್ಲರೂ ಎರಡೂ ಕೆಲಸಗಳನ್ನು ಮಾಡತಕ್ಕದ್ದು.

ನಮ್ಮ ಸಲಹೆಗೆ ಒಂದು ಆಕ್ಷೇಪವುಂಟು, ಅದು ತೂಕವುಳ್ಳದ್ದು. ನಗರದ ಮಕ್ಕಳಿಗೆ ಪ್ರಯೋಗಶಾಲೆ, ಹಳ್ಳಿಯ ಮಕ್ಕಳಿಗೆ ತಿಪ್ಪೆಯೋ? ಪ್ರಯೋಗಶಾಲೆ ಕೊಡದಿರಲು ಸರ್ಕಾರಕ್ಕೆ ಇದೊಂದು ನೆವವಾದೀತು ಎನ್ನುವವರಿದ್ದಾರೆ. ಅವರ ಅಂಜಿಕೆ ನ್ಯಾಯವಾದದ್ದೇ. ತಿಪ್ಪೆಯ ಪಾಠಕ್ಕೂ ಉಪಕರಣ ಬೇಕು: ಒಂದು ಗ್ರಾಂ ವ್ಯತ್ಯಾಸವನ್ನು ತೋರಿಸುವ ತಕ್ಕಡಿ, ರಾಶಿಯೊಳಕ್ಕೆ ಚುಚ್ಚಬಹುದಾದ ಉಷ್ಣತಾಮಾಪಕ, ಗಾಜಿನ ಲೋಟಗಳು. ತಕ್ಕಡಿಯಿಲ್ಲದಿದ್ದರೆ ಇದೂ ‘ಕಸದಿಂದ ರಸ’ದ ಇನ್ನೊಂದು ಪ್ರದರ್ಶನವಾಗಿ ಮುಗಿಯುತ್ತದೆ. ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯಲ್ಲಿ ೧೯೭೨ರಲ್ಲಿ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮದಲ್ಲಿ ಮಕ್ಕಳು ಸುತ್ತಲಿನ ವಸ್ತುಗಳಿಂದಲೇ ಪ್ರಯೋಗ ಮಾಡಿ ಕಲಿತರು. ಆದರೆ ಶಾಲೆಗಳಿಗೆ ಸಾಮಗ್ರಿಯ ಪೆಟ್ಟಿಗೆ ಬರುತ್ತಿತ್ತು, ಉಪಾಧ್ಯಾಯರಿಗೆ ತರಬೇತಿಯಿತ್ತು, ಪರೀಕ್ಷೆಯ ಕ್ರಮವೂ ಬದಲಾಗಿತ್ತು. ಮೂವತ್ತು ವರ್ಷ ನಡೆದು ೨೦೦೨ರಲ್ಲಿ ಅಲ್ಲಿಯ ಸರ್ಕಾರ ಅದನ್ನು ನಿಲ್ಲಿಸಿದ್ದು ವಿಷಾದದ ಸಂಗತಿ. ಪರೀಕ್ಷೆ ಬದಲಾಗದೆ ಪಾಠ ಬದಲಾಗದೆಂಬುದನ್ನು ಅದರಿಂದ ಕಲಿಯಬಹುದು. ಮಂಜುಗಡ್ಡೆ, ತುಕ್ಕುಗಳ ಉದಾಹರಣೆಗೆ ಅಂಕ ಸಿಗುತ್ತಿರುವವರೆಗೆ ಯಾವ ಉಪಾಧ್ಯಾಯರು ತಾನೇ ತಿಪ್ಪೆಯ ಬಳಿಗೆ ಹೋದಾರು?

ಆದರೂ ಕಾಯುವುದು ಬೇಡ. ಒಂದು ಶಾಲೆ ತಾನಾಗಿ ಮಾಡಬಹುದಾದ ಕೆಲಸ ಇಷ್ಟಿದೆ. ಮಳೆಗಾಲದ ಆರಂಭದಲ್ಲಿ ಶಾಲೆಯ ಬೇಲಿಯ ಪಕ್ಕದಲ್ಲಿ ಒಂದು ಮೊಳ ಆಳದ ಹೊಂಡ ತೋಡಿ, ಬಾಳೆಸಿಪ್ಪೆ, ಜೋಳದ ಕಣಿಕೆ, ಹತ್ತಿಬಟ್ಟೆ, ಪತ್ರಿಕೆಯ ಕಾಗದ, ಕಬ್ಬಿಣದ ಮೊಳೆ, ಪಾಲಿಥೀನ್ ಚೀಲ, ಗುಟ್ಕಾ ಚೀಟಿ ಇವುಗಳಲ್ಲಿ ಒಂದೊಂದನ್ನೂ ಒಣಗಿಸಿ ತೂಗಿ, ಗುರುತಿನ ಕಡ್ಡಿ ನೆಟ್ಟು ಹೂಳಬೇಕು. ದಸರೆಯ ರಜೆಗೆ ಮೊದಲು ಒಮ್ಮೆ, ಫೆಬ್ರುವರಿಯಲ್ಲಿ ಇನ್ನೊಮ್ಮೆ ತೆಗೆದು, ಮಣ್ಣು ಕೊಡವಿ, ಒಣಗಿಸಿ, ಮತ್ತೆ ತೂಗಬೇಕು. ಮೊಳೆಯ ತೂಕ ಮೊದಲಿಗಿಂತ ಹೆಚ್ಚಾಗಿದ್ದರೆ ತಪ್ಪಾಯಿತೆಂದು ಅಳಿಸುವುದು ಬೇಡ. ಕಬ್ಬಿಣವನ್ನು ಸೇರಿದ ಆಮ್ಲಜನಕವನ್ನೂ ತಕ್ಕಡಿ ತೂಗುತ್ತಿದೆ. ಅಂಕಿಗಳ ಪುಸ್ತಕವನ್ನು ಮುಂದಿನ ವರ್ಷದ ತರಗತಿಗೆ ಒಪ್ಪಿಸಬೇಕು. ಪಾಲಿಥೀನ್ ಚೀಲವನ್ನೂ ಗುಟ್ಕಾ ಚೀಟಿಯನ್ನೂ ಅವರು ಅದೇ ಹೊಂಡದಲ್ಲಿ ಮತ್ತೆ ಹೂಳಲಿ.